ಬೆಲ್ಟಿಗೆ ತೆಂಗಿನೆಣ್ಣೆ

ಮೂವತ್ನಾಲ್ಕನೇ ವಯಸ್ಸಿಗೆ ನಿವೃತ್ತನಾದೆ ಅಂದರೆ ಜನ ಎರಡೇ ಅಂದಾಜು ಮಾಡ್ತಾರೆ. ಒಂದೋ ಇವನಿಗೆ ಲಾಟರಿ ಹೊಡೆದಿದೆ, ಇಲ್ಲವೋ ಇವನ ಮೇಲೆ ಕೇಸು ಉಂಟು. ಎರಡೂ ಅಲ್ಲ. ಬಂಟ್ವಾಳದಲ್ಲಿ ಹದಿನೈದು ವರ್ಷ ಕಾರು ರಿಪೇರಿ ಮಾಡಿದೆ, ಒಂದು ದಿನ ಶಟರ್ ಎಳೆದೆ. ಈಗ ಕಲ್ಲಡ್ಕದ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ಬಲ್ಬು, ವೈಪರು, ಫ್ಯಾನ್ ಬೆಲ್ಟು ಕೊಡ್ತೇನೆ. ಕೈ ಈಗ ಎಷ್ಟು ಬಿಳಿ ಉಂಟೆಂದರೆ ನನಗೇ ಮದುಮಗನ ಕೈಯ ಹಾಗೆ ಕಾಣ್ತದೆ.

ಐಟಿಐ ಮುಗಿಸಿದ ಮಕ್ಕಳು ಅಂಗಡಿಗೆ ಬಂದು ಕೇಳ್ತಾರೆ: "ಸುಧಿಯಣ್ಣ, ಈ ಲೈನಿಗೆ ಬರಬಹುದಾ? ಭವಿಷ್ಯ ಉಂಟಾ?" ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ನಾನು ಹೇಗೆ ಮೇಲೆ ಬಂದೆ ಅಂತ ಇದರಲ್ಲಿ ಸಿಗುವುದಿಲ್ಲ. ಮೇಲೆ ಬಂದದ್ದು ಒಂದೇ ಸಲ, ಅದು ಗುಂಡಿಯಿಂದ, ಕಾರಿನ ಅಡಿಯಿಂದ. ಒಬ್ಬ ಒಳ್ಳೆಯ ಮನುಷ್ಯನಿಗೆ ತನ್ನ ತಲೆಯ ಮೇಲಿದ್ದ ನಂಬಿಕೆಯನ್ನು ನಾನು ಹೇಗೆ ಹಾಳು ಮಾಡಿದೆ ಅನ್ನುವುದು ಸಿಗುತ್ತದೆ. ಆ ಕೆಲಸಕ್ಕೆ ಸ್ಪ್ಯಾನರೂ ಬೇಕಾಗಲಿಲ್ಲ.

ನನಗೆ ಹುಟ್ಟಿನಿಂದ ಒಂದು ರೋಗ. ಯಾರ ಸ್ವರ ಕೇಳಿದರೂ ಅದು ನನ್ನ ಗಂಟಲಲ್ಲಿ ಬಂದು ಕೂತುಕೊಳ್ಳುತ್ತದೆ. ಕಂಡಕ್ಟರ್, ಹೆಡ್‌ಮಾಸ್ತರು, ನಮ್ಮ ಅಜ್ಜಿಯ ಕೆಮ್ಮು, ಯಾವುದೂ ಬಿಟ್ಟಿಲ್ಲ. ನನ್ನ ಗುರುಗಳು ವಾಸು ಆಚಾರ್ರು, ಬಂಟ್ವಾಳದ ಹಳೇ ಗ್ಯಾರೇಜಿನವರು, ಈ ರೋಗಕ್ಕೆ ಒಂದು ಉಪಯೋಗ ಹುಡುಕಿದರು. ಗಿರಾಕಿ ಬಂದು "ಎಂಥದೋ ಶಬ್ದ ಬರ್ತದೆ" ಅಂದರೆ ಆಚಾರ್ರು ಒಳಗೆ ನೋಡಿ ಕೂಗುವರು: "ಸುಧೀ, ಮೆನು ಹೇಳು." ನಾನು ಗಿರಾಕಿಯ ಎದುರು ನಿಂತು ಒಂದೊಂದೇ ಬಡಿಸುತ್ತಿದ್ದೆ. ಬೇರಿಂಗ್ ಹೋದರೆ ಹೀಗೆ, ಟ್ಯಾಪೆಟ್ ಸಡಿಲಾದರೆ ಹೀಗೆ, ಸೈಲೆನ್ಸರ್ ತೂತಾದರೆ ಹೀಗೆ. "ಹಾಂ ಹಾಂ, ಮೂರನೆಯದ್ದು!" ಅಂತ ಗಿರಾಕಿ ಕುಣಿಯುವರು. ಬಾನೆಟ್ಟು ಎತ್ತುವ ಮೊದಲೇ ರೋಗ ಗೊತ್ತು. ಒಬ್ಬರು ಹೆಂಗಸು ಎರಡು ಸಲ ಕೇಳಿ, "ನಡುವಿನದ್ದು ಸ್ವಲ್ಪ ಖಾರ ಕಡಿಮೆ ಮಾಡಿ" ಅಂದಿದ್ದರು.

ಆ ರೋಗದಿಂದ ಆದ ಮೊದಲ ಅನಾಹುತವೂ ಅಲ್ಲೇ. ಒಂದು ಮಧ್ಯಾಹ್ನ ಆಚಾರ್ರು ಊಟಕ್ಕೆ ಹೋಗಿದ್ದಾಗ ಗೋಡೆಯ ಹಿಂದೆ ನಿಂತು ಅವರ ಸ್ವರದಲ್ಲಿ ಕೂಗಿದೆ: "ಲೋಕೇಶಾ, ಆ ಜೀಪಿನ ಆಯಿಲ್ ಖಾಲಿ ಮಾಡು!" ಲೋಕೇಶ ನನ್ನ ಜೊತೆಯ ಕೆಲಸದವ, ಪಾಪ, ಆಜ್ಞೆ ಅಂದರೆ ಆಜ್ಞೆ. ಬೆಳಿಗ್ಗೆ ತುಂಬಿಸಿದ ಹೊಸ ಆಯಿಲನ್ನು ಕೆಳಗೆ ಬಿಟ್ಟುಬಿಟ್ಟ. ಜೀಪಿನ ಯಜಮಾನ ಬಂದು ಸ್ಟಾರ್ಟ್ ಮಾಡುವ ಹೊತ್ತಿಗೆ ಆಚಾರ್ರು ಬಾಗಿಲಿಗೆ ಬಂದು ತಡೆದರು, ಎಂಜಿನ್ ಬದುಕಿತು. ನನಗೆ ಪೆಟ್ಟು ಬೀಳ್ತದೆ ಅಂತ ತಲೆ ತಗ್ಗಿಸಿದ್ದೆ. ಅವರು ಕೈ ಒರೆಸಿಕೊಂಡು ಇಷ್ಟೇ ಹೇಳಿದರು: "ನನಗೆ ಇರುವುದು ಒಂದೇ ಸ್ವರ. ಅದನ್ನು ಕೇಳಿ ಇಲ್ಲಿ ಆರು ಜನ ಕೆಲಸ ಮಾಡ್ತಾರೆ." ಆ ರಾತ್ರಿ ಮನೆಯಲ್ಲಿ ಅದನ್ನೂ ಅವರ ಸ್ವರದಲ್ಲೇ ಹೇಳಿ ಎಲ್ಲರನ್ನೂ ನಗಿಸಿದೆ. ಬುದ್ಧಿ ಬಂದದ್ದು ಅಷ್ಟು.

ಆಚಾರ್ರು ಹೋದ ಮೇಲೆ ಗ್ಯಾರೇಜು ನನ್ನ ಕೈಗೆ ಬಂತು. ಅಷ್ಟರಲ್ಲಿ ಕಾಲ ಬದಲಾಗಿತ್ತು. ಹೊಸ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ಅವೇ ತಮ್ಮ ರೋಗ ಹೇಳ್ತವೆ. ನನ್ನ ಮೆನು ಯಾರಿಗೂ ಬೇಡ. ಮೀನು ಮಾರುವವ ಸಸ್ಯಾಹಾರಿಗಳ ಬೀದಿಗೆ ಬಂದ ಹಾಗೆ ಕೂತಿದ್ದೆ. ಆಗ ನನ್ನನ್ನು ಉಳಿಸಿದ್ದು ಕಪ್ಪೆಗಳು.

ಕಪ್ಪೆ ಅಂದರೆ ಒಂದು ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಿಚ್ಚುವ ಟಾಪು, ನೆಲಕ್ಕೆ ಒಂದು ಗೇಣು ಎತ್ತರ. ಗುಂಡಿ ಒತ್ತಿದರೆ ಬಾನೆಟ್ಟಿನಿಂದ ಹೆಡ್‌ಲೈಟುಗಳು ಎದ್ದು ಎರಡು ಕಣ್ಣು ಬಿಡುತ್ತವೆ, ಅದಕ್ಕೇ ಆ ಹೆಸರು. ಎಲ್ಲೆಲ್ಲಿಂದಲೋ ಹಡಗಿನಲ್ಲಿ ಬಂದು, ಕೈಯಿಂದ ಕೈಗೆ ದಾಟಿ, ನಮ್ಮ ಮೂರು ತಾಲೂಕಿನಲ್ಲಿ ನಾಲ್ಕು ಕಪ್ಪೆಗಳು ಸೇರಿಕೊಂಡಿದ್ದವು. ಬೆಳ್ತಂಗಡಿಯಲ್ಲಿ ಬಿಳಿಯದ್ದು, ದನದ ಡಾಕ್ಟರು ಶಾಲಿನಿಯವರದ್ದು. ಮೂಡುಬಿದಿರೆಯಲ್ಲಿ ನೀಲಿಯದ್ದು, ವಿಜ್ಞಾನದ ಮಾಷ್ಟ್ರು ಪದ್ಮರಾಜರದ್ದು. ಮಡಂತ್ಯಾರಿನಲ್ಲಿ ಕೆಂಪು, ನಾವೆಲ್ಲ ಹಮೀದಾಕ ಅನ್ನುವ ಹಮೀದರದ್ದು. ನಾಲ್ಕನೆಯದ್ದು ನನ್ನದು. ಅದರ ಬಣ್ಣ ಕೇಳಬೇಡಿ, ಅದು ಬಿಡಿಬಿಡಿಯಾಗಿ ಹನ್ನೊಂದು ಗೋಣಿಚೀಲಗಳಲ್ಲಿತ್ತು.

ಈ ಕಾರಿಗೆ ಹತ್ತಿರದಲ್ಲಿ ಶೋರೂಮೂ ಇಲ್ಲ, ಪುಸ್ತಕವೂ ಇಲ್ಲ. ಹಾಗಾಗಿ ವಾಟ್ಸಪ್ಪಿನಲ್ಲಿ ಒಂದು ಗುಂಪು, 'ಕಪ್ಪೆ ಬಳಗ'. ಒಬ್ಬರಿಗೆ ಗೊತ್ತಾದದ್ದು ಎಲ್ಲರಿಗೂ. ಗುಂಪಿನ ಪದ್ಧತಿ ಏನೆಂದರೆ ಸಲಹೆಯನ್ನು ಬರೆಯುವ ಹಾಗಿಲ್ಲ, ಸ್ವರದಲ್ಲೇ ಹಾಕಬೇಕು. ಅದು ಹಮೀದಾಕನ ಕಾನೂನು. "ಬರೆದರೆ ಯಾರು ಬರೆದದ್ದು ಅಂತ ಗೊತ್ತಾಗುವುದಿಲ್ಲ ಮಾರಾಯ. ಸ್ವರದಲ್ಲಿ ಮನುಷ್ಯ ಇರ್ತಾನೆ."

ಶಾಲಿನಿ ಡಾಕ್ಟರು ಕಾರಿನ ರೋಗವನ್ನೂ ದನದ ಲೆಕ್ಕದಲ್ಲೇ ಹೇಳುವರು. "ಸುಧಿ, ಮೇವು ಬಿಟ್ಟಿಲ್ಲ. ಆದರೆ ಹಿಂದಿನಿಂದ ಬರುವುದು ಸರಿ ಇಲ್ಲ, ಕಪ್ಪಗೆ ಉಂಟು." ಪದ್ಮರಾಜ ಮಾಷ್ಟ್ರು ಪ್ರತಿ ಸಲಹೆಯನ್ನೂ ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು, "ಧನ್ಯವಾದಗಳು, ಟಿಪ್ಪಣಿ ಮಾಡಿಕೊಂಡಿದ್ದೇನೆ" ಅನ್ನುವರು. ಕಾರಿನ ಟಯರಿಗೆ ಗಾಳಿ ಹಾಕುವುದನ್ನೂ "ವಾಯುಪೂರಣ" ಅಂತ ಬರೆದವರು ಅವರು. ನಾನು ಇಬ್ಬರ ಸ್ವರವನ್ನೂ ಅವರ ಎದುರಿಗೇ ಮಾಡಿ ತೋರಿಸ್ತಿದ್ದೆ, ಅವರೂ ನಗ್ತಿದ್ದರು.

ಹಮೀದಾಕನ ಸ್ವರ ಅಂದರೆ ಬೇರೆಯೇ, ಅದನ್ನು ಮಾತ್ರ ಯಾರ ಎದುರೂ ಮಾಡಿರಲಿಲ್ಲ. ಎರಡು ಸಲ ಗಂಟಲು ಸರಿ ಮಾಡಿ, "ಕೇಳ್ತಿದ್ದೀರಾ? ಕೇಳದಿದ್ದರೂ ಹೇಳ್ತೇನೆ" ಅಂತ ಶುರು. "ಆಯ್ತಾ? ಆಯ್ತು" ಅಂತ ಮುಕ್ತಾಯ. ದುಬೈಯಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿ, ಕೊನೆಗೆ ಈ ಕೆಂಪು ಕಪ್ಪೆಯನ್ನು ಕೂಸಿನ ಹಾಗೆ ಸಾಕಿಕೊಂಡಿದ್ದವರು. ಅವರ ಮದ್ದೆಲ್ಲ ಅಡಿಗೆಮನೆಯದ್ದು. ಒಂದು ಮಳೆಗಾಲ ಡಾಕ್ಟರ ಕಾರು ತಿರುವಿನಲ್ಲಿ ಕೊಡಪಾನದ ಹಾಗೆ ಗುಳುಗುಳು ಅನ್ನುತ್ತಿತ್ತು. ನಾನು ಎರಡು ದಿನ ಡ್ಯಾಶ್‌ಬೋರ್ಡು ಬಿಚ್ಚಿ ಹುಡುಕಿದೆ. ಹಮೀದಾಕ ಬಂದು ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಕೇಳಿದರು. ಸೀಟಿನ ಹಿಂದೆ, ಟಾಪಿನ ನೀರು ಇಳಿದುಹೋಗುವ ತೂತಿಗೆ ಕಡ್ಡಿ ತೂರಿಸಿ ತಿರುಗಿಸಿದರು. ಕೊಳೆತ ಎಲೆ ಬಂತು, ಹಿಂದಿನಿಂದ ಎರಡು ಬಕೆಟ್ ನೀರು ಬಂತು. "ಮೆಕ್ಯಾನಿಕ್ಕೇ, ನೀನು ಇದರ ಮೆದುಳು ಹುಡುಕಿದ್ದಿ. ಇದಕ್ಕೆ ಮೂಗು ಕಟ್ಟಿತ್ತು, ಅಷ್ಟೇ." ಅಂದಿನಿಂದ ಅವರು ಹೇಳಿದ್ದೇ ವೇದ, ಅವರು ಹೇಳಿದ್ದೇ ಹದೀಸು.

ಈಗ ನನ್ನ ಘನಕಾರ್ಯಕ್ಕೆ ಬರುವ.

ಒಂದು ಸಂಜೆ ಹಮೀದಾಕ ಗ್ಯಾರೇಜಿಗೆ ಬಂದರು. ಒಂದು ಒಡೆದ ರಬ್ಬರ್ ಪೈಪಿನ ಫೋಟೋ ಗುಂಪಿಗೆ ಹಾಕಬೇಕು, ಅವರು ಕನ್ನಡಕ ತಂದಿಲ್ಲ. ಫೋನನ್ನು ನನ್ನ ಕೈಯಲ್ಲಿಟ್ಟು, "ನೀನೇ ಹಾಕು, ನಾನು ಅಸರ್ ನಮಾಜು ಮುಗಿಸಿ ಬರ್ತೇನೆ" ಅಂತ ಪಕ್ಕದ ಮಸೀದಿಗೆ ಹೋದರು. ಫೋಟೋ ಹಾಕಿದೆ. ಅದರ ಮೇಲೆ ಮಾಷ್ಟ್ರ ಪ್ರಶ್ನೆ ಇತ್ತು: ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಬೆಲ್ಟು ಕೀಂಚ್ ಅನ್ನುತ್ತದೆ, ಪರಿಹಾರ ಏನು?

ಬೆರಳು ತುರಿಸಿತು. ಮೈಕಿನ ಗುರುತು ಒತ್ತಿ, ಎರಡು ಸಲ ಗಂಟಲು ಸರಿ ಮಾಡಿ ಶುರು ಮಾಡಿದೆ: "ಕೇಳ್ತಿದ್ದೀರಾ? ಕೇಳದಿದ್ದರೂ ಹೇಳ್ತೇನೆ. ಮಾಷ್ಟ್ರೇ, ಬೆಲ್ಟು ಕೂಗುವುದು ಹಸಿವೆಗೆ. ನಾಲ್ಕು ಚಮಚ ತೆಂಗಿನೆಣ್ಣೆ, ಊರಿನ ಗಾಣದ್ದೇ ಆಗಬೇಕು, ಒಳಬದಿಗೆ ಚೆಂದ ಮಾಡಿ ಉಜ್ಜಿ. ಮತ್ತೆ ಕೂಗಿದರೆ ನನ್ನ ಹೆಸರು ಹಮೀದ್ ಅಲ್ಲ. ಆಯ್ತಾ? ಆಯ್ತು."

ಹೊಸ ಮಕ್ಕಳಿಗೆ ಹೇಳಬೇಕು. ಈ ಕಾರಿನಲ್ಲಿ ಎಂಜಿನ್ ತಣ್ಣಗಿಡುವ ನೀರಿನ ಪಂಪನ್ನೂ ಬ್ಯಾಟರಿ ತುಂಬಿಸುವ ಡೈನಮೋವನ್ನೂ ತಿರುಗಿಸುವುದು ಅದೇ ಬೆಲ್ಟು. ಎಣ್ಣೆ ಹಚ್ಚಿದರೆ ಕೂಗು ನಿಲ್ಲುತ್ತದೆ, ಖಂಡಿತ. ಬೆಲ್ಟು ಜಾರುತ್ತದೆ, ಪಂಪು ತಿರುಗುವುದಿಲ್ಲ, ಎಂಜಿನ್ ಬೇಯುತ್ತದೆ. ಎಂಟನೇ ತರಗತಿಯವನಿಗೂ ಇದು ತಮಾಷೆ ಅಂತ ಗೊತ್ತಾಗುತ್ತದೆ ಅಂತ ನಾನು ಎಣಿಸಿದೆ. ಆದರೆ ಹಿಡಿಸೂಡಿ ಕಡ್ಡಿಯಿಂದ ಕಾರು ಗುಣವಾದ ಗುಂಪು ಅದು. ಅಲ್ಲಿ ತೆಂಗಿನೆಣ್ಣೆ ತಮಾಷೆ ಅಲ್ಲ ಮಾರಾಯ್ರೇ, ಮುಂದಿನ ಪಾಠ.

ಕೂಡಲೇ ಉತ್ತರ ಬಂತು: "ಧನ್ಯವಾದಗಳು, ಟಿಪ್ಪಣಿ ಮಾಡಿಕೊಂಡಿದ್ದೇನೆ." ನಾನು ನಕ್ಕು ನಕ್ಕು ಜಾಕಿನ ಮೇಲೆ ಕೂತುಬಿಟ್ಟೆ. ಅಳಿಸಬೇಕು ಅನ್ನುವಷ್ಟರಲ್ಲಿ ಒಬ್ಬರು ರಿಕ್ಷಾ ತಳ್ಳಿಕೊಂಡು ಬಂದರು. ಅದನ್ನು ನೋಡಿ ತಿರುಗುವಾಗ ಹಮೀದಾಕ ಮಸೀದಿಯಿಂದ ಬಂದು, "ಹಾಕಿದೆಯಾ?" ಅಂತ ಫೋನು ಕಿಸೆಗಿಟ್ಟು ಹೊರಟಿದ್ದರು. ಹೇಳುವ, ರಾತ್ರಿ ಹೇಳುವ ಅಂತ ಬಿಟ್ಟೆ. ರಾತ್ರಿ ನಾಳೆ ಆಯಿತು.

ಭಾನುವಾರ ಮಾಷ್ಟ್ರು ಹೆಂಡತಿಯನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋದರು. ಹೋಗುವ ದಾರಿಯಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತಂತೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಟಿಪ್ಪಣಿ ಇರಲಿಲ್ಲ, ಮುಂದುವರಿಸಿದರು. ಉಜಿರೆಯ ಏರಿನಲ್ಲಿ ಹೊಗೆಯಲ್ಲ, ಆವಿ. ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ. ಗಂಡ-ಹೆಂಡತಿಗೆ ಏನೂ ಆಗಲಿಲ್ಲ. ಕಾರು ಲಾರಿಯ ಮೇಲೆ ನನ್ನಲ್ಲಿಗೇ ಬಂತು.

ನಾನು ಬಾನೆಟ್ಟು ಎತ್ತಿ, ಬೆಲ್ಟಿಗೆ ಬೆರಳು ಹಚ್ಚಿ, ಮೂಸಿ, "ಎಣ್ಣೆ" ಅಂದೆ. ಹತ್ತು ಸೆಕೆಂಡು. ಜೊತೆಗೆ ಬಂದಿದ್ದ ಶಾಲಿನಿ ಡಾಕ್ಟರು, "ಅಬ್ಬ, ನಿನ್ನ ಹಾಗೆ ರೋಗ ಹಿಡಿಯುವವರು ಇಲ್ಲ ಸುಧಿ" ಅಂದರು. ಹದಿನೈದು ವರ್ಷದಲ್ಲಿ ನನಗೆ ಸಿಕ್ಕಿದ ಅತಿ ದೊಡ್ಡ ಹೊಗಳಿಕೆ ಅದು. ಎಂಜಿನ್ನಿನ ತಲೆ ಬೆಂದು ಬಗ್ಗಿ ಸೀಳು ಬಿಟ್ಟಿತ್ತು. ಅದರ ಬದಲಿ ಎಲ್ಲಿಯೂ ಸಿಗಲಿಲ್ಲ. ನೀಲಿ ಕಪ್ಪೆ ಇವತ್ತಿಗೂ ಮೂಡುಬಿದಿರೆಯಲ್ಲಿ ಟಾರ್ಪಾಲಿನ ಅಡಿಯಲ್ಲಿ ಉಂಟು.

ಡಾಕ್ಟರು ಗುಂಪಿನಲ್ಲಿ ಕೇಳಿದರು, ಹಮೀದಾಕ, ತೆಂಗಿನೆಣ್ಣೆ ಹಚ್ಚಲಿಕ್ಕೆ ಹೇಳಿದ್ದು ನೀವಾ? ಎಲ್ಲರೂ ಆ ಸ್ವರವನ್ನು ಮತ್ತೆ ಕೇಳಿದರು. ಹಮೀದಾಕನೂ ಕೇಳಿದರು. ಒಂದು ಗಂಟೆ ಬಿಟ್ಟು ಅವರ ಸ್ವರ ಬಂತು. ಗಂಟಲು ಸರಿ ಮಾಡಿರಲಿಲ್ಲ. "ಮಾಷ್ಟ್ರೇ, ಸ್ವರ ನನ್ನದೇ. ಫೋನೂ ನನ್ನದೇ. ಹೇಳಿದ್ದು ಮಾತ್ರ ನೆನಪಾಗುವುದಿಲ್ಲ. ತಪ್ಪಾಯಿತು."

ಆಗಲೇ ಹೇಳಬೇಕಿತ್ತು. ಕಾರು ಹಾಳಾಗುವ ಮೊದಲು ಅದು ತಮಾಷೆ, ಹಾಳಾದ ಮೇಲೆ ಅಪರಾಧ. ನಾನು ಅಪರಾಧಿಯ ಸ್ವರವನ್ನು ಅಭ್ಯಾಸ ಮಾಡಿರಲಿಲ್ಲ. ಇನ್ನು ಒಂದು ವಾರ ಹೋಗಲಿ ಅಂತ ಬಿಟ್ಟೆ. ಮತ್ತೊಂದು ವಾರ. ಹಾಗೆ ಎಂಟು ತಿಂಗಳು.

ಆ ಎಂಟು ತಿಂಗಳಲ್ಲಿ ಹಮೀದಾಕ ನಾಲ್ಕೈದು ಸಲ ಬಂದಿರಬಹುದು. ಮೊದಲಿನ ಹಾಗೆ ಗದರಿಸುವುದಿಲ್ಲ, ಹೇಳಿದ್ದು ಮಾಡಿದ್ದನ್ನೆಲ್ಲ ನನ್ನಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳುವರು. "ಸುಧೀ, ಹ್ಯಾಂಡ್‌ಬ್ರೇಕ್ ಹಾಕಿದೆನಾ?" "ಹಾಕಿದ್ದೀರಿ ಹಮೀದಾಕ." "ಮೊನ್ನೆ ನಾನು ಬಂದಿದ್ದೆನಾ ಇಲ್ಲಿಗೆ?" "ಇಲ್ಲ ಹಮೀದಾಕ." "ಹಾಂ, ಇಲ್ಲ ಅಲ್ವಾ. ಇಲ್ಲ ಅಂತಲೇ ನನಗೂ." ಮಾತಿನ ನಡುವೆ ನಿಂತು, ಈಗ ತಾನು ಹೇಳಿದ್ದನ್ನೇ ಒಳಗೆ ತಿರುಗಿಸಿ ನೋಡುವರು. ಬಾಯಿಯ ಮೇಲೆ ಕಾವಲು ಕೂರಿಸಿದ ಹಾಗೆ. ನಾನು ಎಂಜಿನ್ನಿನ ಒಳಗೆ ತಲೆ ಹಾಕಿ ಇಲ್ಲದ ನಟ್ಟು ಬಿಗಿ ಮಾಡ್ತಿದ್ದೆ.

ಒಂದು ದಿನ ಗುಂಪಿನಲ್ಲಿ ಎರಡು ಸಾಲು ಕಂಡಿತು. ಡಾಕ್ಟರು ಹಾಕಿದ್ದು: ಹಮೀದಾಕನ ಕೆಂಪು ಕಾರು ಕಾಸರಗೋಡಿನವರಿಗೆ ಹೋಯಿತಂತೆ. ಅದರ ಕೆಳಗೆ, ಹಮೀದಾಕ ಗುಂಪು ಬಿಟ್ಟಿದ್ದಾರೆ ಅಂತ. ಮರುದಿನ ಬೆಳಿಗ್ಗೆಯೇ ಮಡಂತ್ಯಾರಿಗೆ ಹೊರಟೆ.

ಅಲ್ಲಿ ಆದದ್ದಕ್ಕಿಂತ ಮೊದಲು ಶಟರಿನ ವಿಷಯ ಮುಗಿಸ್ತೇನೆ, ಅದು ಸಣ್ಣದು. ಮಡಂತ್ಯಾರಿನಿಂದ ಬಂದ ದಿನ ಗುಂಪಿನಲ್ಲಿ ನನ್ನದೇ ಸ್ವರದಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಡಾಕ್ಟರ ಉತ್ತರ: "ಇದು ಯಾರದ್ದು ಮಾಡ್ತಿದ್ದಿ? ಗುರುತು ಸಿಗಲಿಲ್ಲ." ಮಾಷ್ಟ್ರು ಕೇಳಿದ್ದಾರೆ ಅಂತ ಫೋನು ತೋರಿಸಿತು. ಧನ್ಯವಾದವೂ ಇಲ್ಲ, ಟಿಪ್ಪಣಿಯೂ ಇಲ್ಲ. ನಾನು ಅವರ ಮನೆಗೆ ಹೋದಾಗ ಕುರ್ಚಿ ಕೊಟ್ಟರು, ಮಜ್ಜಿಗೆ ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. ನನ್ನ ಹನ್ನೊಂದು ಗೋಣಿಯನ್ನೂ ಅವರ ಅಂಗಳದಲ್ಲಿ ಇಳಿಸಿ ಬಂದೆ. ಅದರಲ್ಲಿ ಎಂಜಿನ್ನಿನ ತಲೆ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಗಿರಾಕಿಗಳು ಯಾರೂ ಬೈಯಲಿಲ್ಲ. ಆದರೆ ಯಾರಾದರೂ ಬಂದು "ಒಂದು ಶಬ್ದ ಬರ್ತದೆ" ಅಂದರೆ ನನ್ನ ಬಾಯಿ ತೆರೆಯುತ್ತಿರಲಿಲ್ಲ. ಬಾಯಿ ತೆರೆಯದ ನಾನು ಸಾಧಾರಣ ಮೆಕ್ಯಾನಿಕ್ಕು. ಎರಡು ತಿಂಗಳು ನೋಡಿದೆ, ಬೀಗ ಹಾಕಿದೆ.

ಮಡಂತ್ಯಾರಿನ ಮನೆಯಲ್ಲಿ ಹಮೀದಾಕ ಚಾವಡಿಯಲ್ಲಿ ಕೂತಿದ್ದರು. ಗೋಡೆಯಲ್ಲಿ, ಸ್ವಿಚ್ಚಿನ ಬದಿಯಲ್ಲಿ, ಬಾಗಿಲಿನ ಹಿಂದೆ, ಎಲ್ಲ ಕಡೆ ಚೀಟಿ. "ಪಂಪು ಬಂದ್ ಮಾಡಿದೆಯಾ?" "ಬೀಗದ ಕೈ ಕಿಸೆಯಲ್ಲಿ." ಮಗಳು ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿದ್ದಳಂತೆ. ವಯಸ್ಸಿನದ್ದು, ನೋಡುವ, ಅಂತ ಮಾತ್ರೆ ಕೊಟ್ಟಿದ್ದರು. ಅವರ ಹೆಂಡತಿ ಐಸಮ್ಮ ಎರಡು ಗ್ಲಾಸು ಚಾ ತಂದಿಟ್ಟು, "ಮಾತಾಡು ಸುಧಿ, ನಿನ್ನನ್ನು ಕಂಡರೆ ಇವರಿಗೆ ಖುಷಿ" ಅಂತ ಒಳಗೆ ಹೋದರು.

"ಹಮೀದಾಕ, ತೆಂಗಿನೆಣ್ಣೆ ಹೇಳಿದ್ದು ನೀವಲ್ಲ. ನಾನು," ಅಂದೆ. ಮಸೀದಿ, ಫೋನು, ರಿಕ್ಷಾ, ಎಲ್ಲ ಹೇಳಿದೆ. ಅವರು ಕೇಳಿ ನಕ್ಕರು.

"ನೀನು ಒಳ್ಳೆಯವ ಮಾರಾಯ. ಮುದುಕನಿಗೆ ಬೇಜಾರಾಗ್ತದೆ ಅಂತ ಇಷ್ಟು ದೂರ ಬಂದು ಸುಳ್ಳು ಹೇಳ್ತಿ. ನನ್ನ ಸ್ವರ ನನಗೆ ಗೊತ್ತಾಗುವುದಿಲ್ವಾ? ನೂರು ಸಲ ಕೇಳಿದ್ದೇನೆ ಅದನ್ನು. ನಾನೇ ಅದು."

"ಅಲ್ಲ ಹಮೀದಾಕ..."

"ಬಿಡು. ಚಾ ಕುಡಿ."

ನನಗೆ ಬೇರೆ ದಾರಿ ಕಾಣಲಿಲ್ಲ. ಎರಡು ಸಲ ಗಂಟಲು ಸರಿ ಮಾಡಿ, ಒಳಗಿನ ಕಡೆ ತಿರುಗಿ, ಅವರ ಸ್ವರದಲ್ಲೇ ಕೂಗಿದೆ: "ಐಸಾ! ಎರಡು ಚಾ ತಾ!"

ಅಡಿಗೆಮನೆಯಿಂದ ಐಸಮ್ಮನ ಸ್ವರ ಬಂತು. "ಈಗ ತಾನೇ ತಂದಿಟ್ಟೆನಲ್ಲ! ನಿಮ್ಮ ಎದುರಿಗೇ ಉಂಟು ಗ್ಲಾಸು." ಆಮೇಲೆ, ನಮಗೆ ಕೇಳಬಾರದು ಅಂತ ಮೆಲ್ಲ ಹೇಳಿದ್ದೂ ಕೇಳಿಸಿತು: "ಯಾ ಅಲ್ಲಾ, ಇದೂ ಮರೆತು ಹೋಯಿತಾ."

ಹಮೀದಾಕ ತುಟಿ ಅಲ್ಲಾಡಿಸಿರಲಿಲ್ಲ. ಗ್ಲಾಸುಗಳನ್ನು ನೋಡಿದರು. ನನ್ನ ಬಾಯಿಯನ್ನು ನೋಡಿದರು. ಕೈಯನ್ನು ತಮ್ಮ ಗಂಟಲಿಗೆ ಹಚ್ಚಿದರು. ಮತ್ತೆ ಎದ್ದು ಅಡಿಗೆಮನೆಗೆ ನಡೆದರು. ನಡಿಗೆ ಜೋರಿತ್ತು.

"ಐಸಾ, ಚಾ ಕೇಳಿದ್ದು ನಾನಲ್ಲ."

"ಆಯ್ತು, ಆಯ್ತು. ನೀವಲ್ಲ."

"ಅಲ್ಲ, ನಿಜವಾಗಿ ನಾನಲ್ಲ! ಆ ತೆಂಗಿನೆಣ್ಣೆಯೂ ನಾನಲ್ಲ!"

"ಆಯ್ತು ಅಂದೆನಲ್ಲ. ಹೋಗಿ ಕೂತುಕೊಳ್ಳಿ, ಮಾತ್ರೆ ತರ್ತೇನೆ."

ಸಣ್ಣ ಮಕ್ಕಳಿಗೆ ಜ್ವರ ಬಂದಾಗ ಮಾತಾಡುವ ಸ್ವರ ಅದು. ಯಾರ ಸ್ವರವನ್ನೂ ಬಿಡದ ನಾನು ಅದನ್ನು ಇವತ್ತಿನವರೆಗೂ ಮಾಡಿಲ್ಲ. ಹಮೀದಾಕ ಒಳಗಿನಿಂದ ಕೂಗಿದರು, "ಸುಧೀ, ಇಲ್ಲಿ ಬಾ, ನೀನೇ ಹೇಳು ಇವಳಿಗೆ." ನಾನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಎರಡನೇ ಸಲ ಎಲ್ಲವನ್ನೂ ಹೇಳಿದೆ. ನಂಬಲಿ ಅಂತ ಹಮೀದಾಕನ ಸ್ವರದಲ್ಲಿ ಎರಡು ಮಾತೂ ಆಡಿದೆ. ಐಸಮ್ಮ ಒಲೆ ಆರಿಸಿದರು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. ಬೈಯಲಿ ಅಂತ ಕಾದೆ.

"ಹಾಗಾದರೆ ಮಗಳ ಮನೆಯ ದಾರಿ ತಪ್ಪಿದ್ದು?" ಅಂತ ಕೇಳಿದರು. "ಗ್ಯಾಸು ಹಾಗೇ ಬಿಟ್ಟದ್ದು? ಮೊನ್ನೆ ಮೊಮ್ಮಗಳ ಹೆಸರು ಕರೆಯಲಿಕ್ಕೆ ಆಗದೆ ನಿಂತದ್ದು? ಅದೆಲ್ಲ ಯಾರು ಸುಧಿ? ಅದೂ ನೀನಾ?"

"ನಾನು ಮಾಡಿದ್ದು ತೆಂಗಿನೆಣ್ಣೆ ಒಂದೇ," ಅಂದೆ. "ಉಳಿದದ್ದು ನನಗೆ ಗೊತ್ತಿಲ್ಲ."

ಹೆದರಿಕೆಯಿಂದ ಮರೆತದ್ದು ಯಾವುದು, ನಿಜವಾಗಿ ಮರೆತದ್ದು ಯಾವುದು, ಯಾವ ಮೆಕ್ಯಾನಿಕ್ಕು ಬಿಚ್ಚಿ ನೋಡುವುದು? ಹಮೀದಾಕ ಗೋಡೆ ಹಿಡಿದು ನಿಂತಿದ್ದರು. ಅವರ ಕೈಯ ಪಕ್ಕದಲ್ಲೇ ಒಂದು ಚೀಟಿ ಇತ್ತು, ಅದನ್ನು ಕೀಳಲಿಕ್ಕೆ ಉಗುರು ಹಾಕಿದರು, ಅರ್ಧ ಎಬ್ಬಿಸಿದರು, ಮತ್ತೆ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು.

"ಇರಲಿ," ಅಂದರು. "ಗ್ಯಾಸಿನದ್ದು ಅಲ್ವಾ, ಇರಲಿ."